'ದುಬೈ' ಅಂತ ಹೇಳಿ ಬಗ್ರಾಮ್‌ಗೆ ಹೋದವರು: ಯುದ್ಧ ಮುಗಿದ ಮೇಲೂ ಅಫ್ಗಾನಿಸ್ತಾನದಲ್ಲಿ ಅಮೆರಿಕ ಏನು ಮಾಡ್ತಿತ್ತು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇಯರ್‌ಫೋನ್ ಹಾಕಿಕೊಂಡು ಬಸ್ಸಿನಲ್ಲಿ ಕೂತವರಿಗೂ, ಆತೂರು ಪೇಟೆಯಲ್ಲಿ ಕಡಬದ ಬಸ್ಸಿಗೆ ಕಾಯ್ತಾ ನಿಂತವರಿಗೂ ಸ್ವಾಗತ. ಆತೂರಿನ ಹೆಸರು ಸುಮ್ಮನೆ ತೆಗೆದದ್ದಲ್ಲ. ಇವತ್ತಿನ ವಿಷಯ ಹುಟ್ಟಿದ್ದೇ ಅಲ್ಲಿ ಪಕ್ಕದ ರಾಮಕುಂಜದಿಂದ ಬಂದ ಒಂದು ವಾಯ್ಸ್ ನೋಟ್‌ನಿಂದ.

ಕಳಿಸಿದವರು ಒಬ್ಬ ಕಾಲೇಜು ಹುಡುಗಿ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ. ಅವರ ಮಾತು ಹೀಗುಂಟು: "ಅಣ್ಣಾ, ನನ್ನ ಮಾವ ಮೂರು ವರ್ಷ ಬಗ್ರಾಮ್‌ನಲ್ಲಿ ಇದ್ರು. ಊರಲ್ಲಿ ಎಲ್ರಿಗೂ ದುಬೈ ಅಂತ ಹೇಳಿದ್ದು. ಅಜ್ಜಿಗೆ ಈಗಲೂ ದುಬೈ ಅಂತಲೇ ಗೊತ್ತು. ಅಲ್ಲಿ ಒಂದ್ಸಲ ಹತ್ತಿರವೇ ರಾಕೆಟ್ ಬಿದ್ದ ಮೇಲೆ ಒಂದು ಕಿವಿ ಸರಿ ಕೇಳಿಸುವುದಿಲ್ಲ. ಕಂಪನಿ ಏನೂ ಕೊಡ್ಲಿಲ್ಲ. ನನಗೆ ಗೊತ್ತಾಗದ್ದು ಏನಂದ್ರೆ, ಅಮೆರಿಕ 2014ರಲ್ಲೇ ಯುದ್ಧ ಮುಗೀತು ಅಂತ ಹೇಳಿತ್ತಲ್ಲ? ಮತ್ತೆ ಮಾವ 2016ರಿಂದ 2019ರವರೆಗೆ ಅಲ್ಲಿ ಯಾರಿಗೆ ಕೆಲಸ ಮಾಡ್ತಿದ್ರು?"

ಒಳ್ಳೆ ಪ್ರಶ್ನೆ ಮಾರಾಯ್ರೆ. ಕಿವಿಯ ವಿಷಯಕ್ಕೆ ಕೊನೆಯಲ್ಲಿ ಬರ್ತೇನೆ, ಅದಕ್ಕೆ ಉತ್ತರ ಉಂಟು. ಮೊದಲು ಯುದ್ಧ ಮುಗಿದ ಕಥೆ.

2001ರ ಅಕ್ಟೋಬರ್ 7ರಂದು ಅಮೆರಿಕ ಅಫ್ಗಾನಿಸ್ತಾನದ ಮೇಲೆ ದಾಳಿ ಶುರು ಮಾಡಿತು. ಆ ಕಾರ್ಯಾಚರಣೆಗೆ 'ಎಂಡ್ಯೂರಿಂಗ್ ಫ್ರೀಡಮ್' ಅಂತ ಹೆಸರು. 13 ವರ್ಷ ಆದ ಮೇಲೆ, 2014ರ ಡಿಸೆಂಬರ್ ಕೊನೆಗೆ, ಅಧ್ಯಕ್ಷ ಒಬಾಮ ನಮ್ಮ ಕಾದಾಟದ ಕೆಲಸ ಮುಗೀತು ಅಂತ ಘೋಷಿಸಿದರು. ಸೈನಿಕರೆಲ್ಲ ಗಂಟುಮೂಟೆ ಕಟ್ಟಿದರಾ? ಇಲ್ಲ. 2015ರ ಜನವರಿ 1ರಿಂದ ಅದೇ ಜಾಗದಲ್ಲಿ ಹೊಸ ಬೋರ್ಡ್ ಬಂತು: 'ಫ್ರೀಡಮ್ಸ್ ಸೆಂಟಿನೆಲ್'. ಸ್ವಾತಂತ್ರ್ಯದ ಕಾವಲುಗಾರ ಅಂತ ಅರ್ಥ ಮಾಡ್ಕೊಳ್ಳಿ. ಶುರುವಿನಲ್ಲಿ ಇದ್ದ ಅಮೆರಿಕನ್ ಸೈನಿಕರು ಸುಮಾರು 9,800.

ಈ ಹೊಸ ಬೋರ್ಡಿನ ಕೆಳಗೆ ಎರಡು ಕೆಲಸ. ಮೊದಲನೆಯದು ಬೇಟೆ: ಅಲ್-ಖೈದಾ, ಆಮೇಲೆ ತಲೆ ಎತ್ತಿದ ಐಎಸ್‌ನ ಖೊರಾಸಾನ್ ಶಾಖೆ, ಇವರನ್ನು ಹುಡುಕಿ ಹೊಡೆಯುವುದು. ಎರಡನೆಯದು ಪಾಠ: ಅಫ್ಗಾನ್ ಸೇನೆ ಮತ್ತು ಪೊಲೀಸರಿಗೆ ತರಬೇತಿ, ಸಲಹೆ, ಸಹಾಯ. ಪಾಠದ ಕೆಲಸ ನ್ಯಾಟೋದ 'ರೆಸಲ್ಯೂಟ್ ಸಪೋರ್ಟ್' ಎಂಬ ಮಿಷನ್‌ನ ಭಾಗ. ಕಾಬೂಲ್ ಕೇಂದ್ರ, ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ಕವಲು. ಮಜಾರ್-ಎ-ಶರೀಫ್‌ನಲ್ಲಿ ಜರ್ಮನಿಯ ನೇತೃತ್ವ, ಹೆರಾತ್‌ನಲ್ಲಿ ಇಟಲಿ, ಕಂದಹಾರ್ ಮತ್ತು ಲಗ್ಮಾನ್ ಕಡೆ ಅಮೆರಿಕ.

ಎರಡು ಕೆಲಸಕ್ಕೂ ಕಮಾಂಡರ್ ಒಬ್ಬನೇ. ಒಂದೇ ತಲೆಗೆ ಎರಡು ಟೋಪಿ.

ಇಲ್ಲೇ ನೋಡಿ ತೊಡಕು. ಡ್ರೈವಿಂಗ್ ಕಲಿಸುವವನ ಕೆಲಸ ಯಾವಾಗ ಸರಿಯಾಯ್ತು ಅಂತ ಹೇಳ್ತೇವೆ? ಅವನು ಗಾಡಿಯಿಂದ ಇಳಿದ ಮೇಲೂ ಕಲಿತವನು ಓಡಿಸಿದಾಗ. ಕಲಿಸುವವನು ಹೊರಡಲೇಬೇಕು. ಬೇಟೆಗಾರನ ಲೆಕ್ಕ ಬೇರೆ. ಅವನಿಗೆ ನೆಲೆ ಬೇಕು, ರನ್‌ವೇ ಬೇಕು, ಮಾಹಿತಿ ಕೊಡುವವರು ಬೇಕು. ಅವನು ಹೊರಟರೆ ಬೇಟೆ ನಿಂತಿತು. ಹೊರಡಬೇಕಾದವನೂ ಉಳಿಯಬೇಕಾದವನೂ ಒಬ್ಬನೇ ಆದಾಗ ಅವಸರದ ಕೆಲಸವೇ ಗೆಲ್ಲುತ್ತದೆ. ಅಲ್ಲೂ ಹಾಗೇ ಆಯ್ತು. ಕಲಿಸುವ ಬದಲು ತಾವೇ ಮಾಡಿಕೊಡುವುದು ಸುಲಭ ಅನ್ನಿಸಿತು. ಅಫ್ಗಾನ್ ಸೇನೆ ಕಷ್ಟಕ್ಕೆ ಸಿಕ್ಕಿದಾಗ ಮೇಲಿಂದ ಅಮೆರಿಕದ ವಿಮಾನ ಬರುತ್ತಿತ್ತು. ಅದು ಬಂದೇ ಬರುತ್ತದೆ ಅಂತ ಸೇನೆ ನಂಬಿಕೊಂಡಿತು.

ಆ ವಿಮಾನಗಳೂ ಯಾವಾಗಲೂ ಸರಿಯಾದ ಕಡೆ ಹೊಡೆಯಲಿಲ್ಲ. 2015ರ ಅಕ್ಟೋಬರ್ 3ರಂದು ಕುಂದುಜ್‌ನಲ್ಲಿ, ಅಫ್ಗಾನ್ ಪಡೆಗಳಿಗೆ ಸಹಾಯ ಮಾಡಲು ಹೋದ ಅಮೆರಿಕದ ವಿಮಾನ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಯ ಆಸ್ಪತ್ರೆಗೇ ಗುಂಡಿನ ಮಳೆಗರೆಯಿತು. 42 ಜನ ಸತ್ತರು. ಇದು 'ಯುದ್ಧ ಮುಗಿದ' ಮೇಲಿನ ಮೊದಲ ವರ್ಷ.

ಪಾಠ ಹೇಳುವುದೂ ಕ್ಷೇಮದ ಕೆಲಸ ಆಗಿರಲಿಲ್ಲ. ವಿದ್ಯಾರ್ಥಿಯ ಕೈಯಲ್ಲೂ ಬಂದೂಕು ಇರುತ್ತದಲ್ಲ. 2014ರ ಆಗಸ್ಟ್‌ನಲ್ಲಿ ಕಾಬೂಲ್ ಹತ್ತಿರದ ಸೇನಾ ತರಬೇತಿ ಸಂಸ್ಥೆಯಲ್ಲೇ ಅಫ್ಗಾನ್ ಸೈನಿಕನೊಬ್ಬ ಅಮೆರಿಕದ ಮೇಜರ್ ಜನರಲ್ ಹೆರಾಲ್ಡ್ ಗ್ರೀನ್ ಅವರನ್ನು ಗುಂಡಿಟ್ಟು ಕೊಂದ. ಇಂಥದ್ದು ಆಗುತ್ತಾ ಇದ್ದದ್ದಕ್ಕೆ ಪಾಠ ಹೇಳುವವನ ಹಿಂದೆ ಅವನನ್ನು ಕಾಯಲಿಕ್ಕೇ ಇನ್ನೊಬ್ಬ ಬಂದೂಕುಧಾರಿ ನಿಲ್ಲುವ ಪದ್ಧತಿ ಇತ್ತು. ಅಂಥ ತರಗತಿಯಲ್ಲಿ ಎಷ್ಟು ಕಲಿಯಬಹುದು, ನೀವೇ ಹೇಳಿ.

ಹಾಗಾದರೆ ಸಾಯುತ್ತಿದ್ದವರು ಹೆಚ್ಚಾಗಿ ಯಾರು? 2019ರ ಜನವರಿಯಲ್ಲಿ ಅಧ್ಯಕ್ಷ ಅಶ್ರಫ್ ಘನಿ ದಾವೋಸ್‌ನಲ್ಲಿ ಒಂದು ಲೆಕ್ಕ ಬಾಯಿಬಿಟ್ಟರು. 2014ರಲ್ಲಿ ತಾನು ಅಧಿಕಾರಕ್ಕೆ ಬಂದ ಮೇಲೆ 45 ಸಾವಿರಕ್ಕೂ ಹೆಚ್ಚು ಅಫ್ಗಾನ್ ಭದ್ರತಾ ಸಿಬ್ಬಂದಿ ಸತ್ತಿದ್ದಾರೆ ಅಂತ. ಅದೇ ಅವಧಿಯಲ್ಲಿ ಸತ್ತ ವಿದೇಶಿ ಸೈನಿಕರು ಅವರ ಪ್ರಕಾರ 72ಕ್ಕಿಂತ ಕಡಿಮೆ. ಕೊನೆಗೆ ಈ ಸೇನೆ ಕುಸಿದಾಗ 'ಅಫ್ಗಾನರಿಗೆ ಹೋರಾಡುವ ಮನಸ್ಸೇ ಇರಲಿಲ್ಲ' ಅಂತ ಸುಲಭದಲ್ಲಿ ಹೇಳಿದರಲ್ಲ, ಆಗ ನನಗೆ ಈ 45 ಸಾವಿರವೇ ನೆನಪಾದದ್ದು.

ಈಗ ಮಾವನ ಕಡೆ ಬರೋಣ.

ಸೈನಿಕರ ಸಂಖ್ಯೆ ಕಡಿಮೆ ಮಾಡಿ ಅಂತ ವಾಷಿಂಗ್ಟನ್‌ನಲ್ಲಿ ಒತ್ತಡ ಇತ್ತು. ಆದರೆ ಕೆಲಸ ಕಡಿಮೆ ಆಗಲಿಲ್ಲ. ಮೆಸ್ಸಿನಲ್ಲಿ ಅಡುಗೆ, ಬಟ್ಟೆ ಒಗೆಯುವ ಲಾಂಡ್ರಿ, ಜನರೇಟರ್, ಎಸಿ, ವೆಲ್ಡಿಂಗ್, ಗೋದಾಮು, ಟ್ರಕ್ ರಿಪೇರಿ, ವಿಮಾನ ರಿಪೇರಿ. ಇದಕ್ಕೆಲ್ಲ ಗುತ್ತಿಗೆ ಕಂಪನಿಗಳು ಬಂದವು. ದೊಡ್ಡ ಕಂಪನಿ ಸಣ್ಣ ಕಂಪನಿಗೆ ಒಳಗುತ್ತಿಗೆ ಕೊಡುತ್ತದೆ. ಸಣ್ಣ ಕಂಪನಿಯ ಆಫೀಸು ಹೆಚ್ಚಾಗಿ ದುಬೈಯಲ್ಲಿ. ಅದು ಜನ ಹುಡುಕುವುದು ನೇಪಾಳ, ಭಾರತ, ಫಿಲಿಪ್ಪೀನ್ಸ್, ಕೀನ್ಯಾ, ಉಗಾಂಡದಲ್ಲಿ. ಹಾಗಾಗಿ ಮಾವ 'ದುಬೈ' ಅಂದದ್ದು ಪೂರ್ತಿ ಸುಳ್ಳೂ ಅಲ್ಲ. ಸಂಬಳದ ಚೀಟಿ ಅಲ್ಲಿಯದೇ ಆಗಿರಬಹುದು.

2021ರ ಏಪ್ರಿಲ್ ಹೊತ್ತಿಗೆ ಅಫ್ಗಾನಿಸ್ತಾನದಲ್ಲಿ ಅಮೆರಿಕದ ಸೈನಿಕರು ಅಧಿಕೃತವಾಗಿ 2,500. ಅಮೆರಿಕದ ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸದವರು 16 ಸಾವಿರಕ್ಕೂ ಹೆಚ್ಚು. ಅಂದರೆ ಒಬ್ಬ ಸೈನಿಕನಿಗೆ ಆರು ಮಂದಿ! ಅವರಲ್ಲಿ 6 ಸಾವಿರಕ್ಕೂ ಮಿಕ್ಕಿ ಜನ ಅಮೆರಿಕದವರೂ ಅಲ್ಲ, ಅಫ್ಗಾನರೂ ಅಲ್ಲ. ಕಾಗದಪತ್ರದಲ್ಲಿ ಅವರಿಗೆ 'ಮೂರನೇ ದೇಶದ ಪ್ರಜೆಗಳು' ಅಂತ ಹೆಸರು. ನಮ್ಮವರು ಆ ಮೂರನೇ ಕಂಬದಲ್ಲಿ.

ನಮ್ಮ ಜಿಲ್ಲೆಯವರು ಅಲ್ಲಿ ಇದ್ದಾರೆ ಅಂತ ಹೆಚ್ಚಿನವರಿಗೆ ಗೊತ್ತಾದದ್ದೇ 2021ರ ಆಗಸ್ಟ್‌ನಲ್ಲಿ. ಕಾಬೂಲ್ ತಾಲಿಬಾನ್ ಕೈಗೆ ಹೋದ ಮೇಲೆ ಉಳ್ಳಾಲ, ಮೂಡುಬಿದಿರೆ ಕಡೆಯವರು ಒಬ್ಬೊಬ್ಬರಾಗಿ ಮನೆ ಸೇರಿದ ಸುದ್ದಿ ಪೇಪರಿನಲ್ಲಿ ಬರತೊಡಗಿತು. ಮಿಲಿಟರಿ ನೆಲೆಯಲ್ಲಿ ಇದ್ದವರನ್ನು ಮಿಲಿಟರಿ ವಿಮಾನದಲ್ಲೇ ಕತಾರ್‌ನ ದೋಹಾಕ್ಕೆ ಸಾಗಿಸಿ, ಅಲ್ಲಿಂದ ದೆಹಲಿಗೆ ತಂದದ್ದೂ ಉಂಟು. ನಮ್ಮ ಸರಕಾರದ ತೆರವು ಕಾರ್ಯಾಚರಣೆಗೆ 'ದೇವಿ ಶಕ್ತಿ' ಅಂತ ಹೆಸರಿತ್ತು. ರಾಜ್ಯ ಸರಕಾರವೂ ಒಬ್ಬ ಹಿರಿಯ ಐಪಿಎಸ್ ಅಧಿಕಾರಿಯನ್ನು ನೋಡಲ್ ಅಧಿಕಾರಿಯಾಗಿ ನೇಮಿಸಿತ್ತು. ಟಿವಿಯವರು ಏರ್‌ಪೋರ್ಟಿನ ಗೇಟಲ್ಲಿ ಮೈಕ್ ಹಿಡಿದರು. ಮೂರು ದಿನ ಆದ ಮೇಲೆ ಮರೆತರು.

ಇನ್ನೊಂದು ವಿಷಯ. ಹೇಳಲಿಕ್ಕೆ ಹಿತ ಇಲ್ಲ, ಆದರೂ ಬಿಡಲಾಗುವುದಿಲ್ಲ. 2016ರಲ್ಲಿ ಕೇರಳದಿಂದ 21 ಜನ, ಹೆಚ್ಚಿನವರು ಕಾಸರಗೋಡು ಜಿಲ್ಲೆಯ ಪಡನ್ನ, ತ್ರಿಕರಿಪುರ ಕಡೆಯವರು, ಮನೆಬಿಟ್ಟು ಅಫ್ಗಾನಿಸ್ತಾನಕ್ಕೆ ಹೋಗಿ ಐಎಸ್ ಸೇರಿದರು. ನಮ್ಮ ಮಕ್ಕಳು ಕಾಣೆಯಾಗಿದ್ದಾರೆ ಅಂತ ಪೊಲೀಸರ ಹತ್ತಿರ ಹೋದದ್ದು ಅವರ ಮನೆಯವರೇ. ಅವರು ಹೋಗಿ ಸೇರಿದ್ದು ನಂಗರ್‌ಹಾರ್ ಪ್ರಾಂತ್ಯ. 2017ರ ಏಪ್ರಿಲ್ 13ರಂದು ಅಮೆರಿಕ ತನ್ನ ಅತಿ ದೊಡ್ಡ ಅಣ್ವಸ್ತ್ರವಲ್ಲದ ಬಾಂಬನ್ನು ಬೀಳಿಸಿದ್ದು ಇದೇ ನಂಗರ್‌ಹಾರ್‌ನ ಅಚಿನ್ ಜಿಲ್ಲೆಯ ಮೇಲೆ. ಅದೇ ಹೊತ್ತಿಗೆ ಇದೇ ಕರಾವಳಿಯ ಇನ್ನಷ್ಟು ಜನ ಬಗ್ರಾಮ್‌ನಲ್ಲಿ ಅಮೆರಿಕನ್ನರಿಗೆ ಅನ್ನ ಬೇಯಿಸುತ್ತಿದ್ದರು, ಎಸಿ ರಿಪೇರಿ ಮಾಡುತ್ತಿದ್ದರು. ಹಾಗಾಗಿ ಆ ಯುದ್ಧ ನಮಗೆ ಸಂಬಂಧ ಇಲ್ಲದ್ದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಗುತ್ತಿಗೆ ಕೆಲಸದವರ ಜೀವಕ್ಕೂ ಅಲ್ಲಿ ಗ್ಯಾರಂಟಿ ಇರಲಿಲ್ಲ. 2016ರ ಜೂನ್ 20ರಂದು ಕಾಬೂಲ್‌ನಲ್ಲಿ ಕೆನಡಾ ರಾಯಭಾರ ಕಚೇರಿಯ ಕಾವಲುಗಾರರ ಮಿನಿ ಬಸ್ಸಿನ ಮೇಲೆ ಆತ್ಮಾಹುತಿ ದಾಳಿ ಆಯಿತು. ಸತ್ತವರಲ್ಲಿ ಹೆಚ್ಚಿನವರು ನೇಪಾಳದವರು, ಭಾರತೀಯರೂ ಇದ್ದರು. ಅದೇ ವರ್ಷ ನವೆಂಬರ್ 12ಕ್ಕೆ ಬಗ್ರಾಮ್ ನೆಲೆಯ ಒಳಗೇ ಸ್ಫೋಟ. ಮಾಡಿದವನು ಅಲ್ಲೇ ಒಂದು ಗುತ್ತಿಗೆ ಕೆಲಸದಲ್ಲಿದ್ದ ಸ್ಥಳೀಯ. ಸತ್ತವರಲ್ಲಿ ಸೈನಿಕರೂ ಇದ್ದರು, ಗುತ್ತಿಗೆ ಸಿಬ್ಬಂದಿಯೂ ಇದ್ದರು.

ಈಗ ಎಲ್ಲರೂ ಕೇಳುವ ಪ್ರಶ್ನೆ. ಸುಮಾರು 8,800 ಕೋಟಿ ಡಾಲರ್ ಸುರಿದು ಕಟ್ಟಿದ ಸೇನೆ, ಕಾಗದದ ಮೇಲೆ 3 ಲಕ್ಷ ಜನ ಇದ್ದ ಸೇನೆ, ಹತ್ತೇ ದಿನದಲ್ಲಿ ಹೇಗೆ ಮಾಯವಾಯ್ತು? ಮೊದಲ ಪ್ರಾಂತ್ಯ ರಾಜಧಾನಿ ಜರಂಜ್ ಬಿದ್ದದ್ದು 2021ರ ಆಗಸ್ಟ್ 6ಕ್ಕೆ, ಕಾಬೂಲ್ 15ಕ್ಕೆ.

ಕಾರಣಗಳು ಸುಮಾರು ಉಂಟು. ಕಾಗದದಲ್ಲಿ ಮಾತ್ರ ಇದ್ದು ಸಂಬಳ ಎತ್ತುತ್ತಿದ್ದ 'ಭೂತ ಸೈನಿಕರು' (ನಮ್ಮ ಕೋಲದ ಭೂತ ಅಲ್ಲ ಮತ್ತೆ!), ಭ್ರಷ್ಟಾಚಾರ, ಊಟ-ಮದ್ದುಗುಂಡು ಸಮಯಕ್ಕೆ ಸಿಗದ ಠಾಣೆಗಳು. 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕ ತಾಲಿಬಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದಾಗ ಅಫ್ಗಾನ್ ಸರಕಾರಕ್ಕೆ ಆ ಮೇಜಿನಲ್ಲಿ ಕುರ್ಚಿಯೇ ಇರಲಿಲ್ಲ. ಸೈನಿಕನಿಗೆ ಅರ್ಥ ಆಯ್ತು, ಯಜಮಾನರು ಹೊರಡುತ್ತಾರೆ ಅಂತ.

ಆದರೆ ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಮೆಕ್ಯಾನಿಕ್‌ಗಳ ಕಥೆ. ಸ್ವಲ್ಪ ನಿಧಾನಕ್ಕೆ ಹೇಳ್ತೇನೆ.

ಅಫ್ಗಾನ್ ವಾಯುಪಡೆ ಮೊದಲಿನಿಂದ ಬಳಸುತ್ತಿದ್ದದ್ದು ರಷ್ಯದ ಎಂಐ-17 ಹೆಲಿಕಾಪ್ಟರ್. ನಮ್ಮ ಘಟ್ಟದ ರಸ್ತೆಯ ಹಳೇ ಜೀಪಿನ ಹಾಗೆ. ಕಡಬದ ಯಾವ ಗ್ಯಾರೇಜಿಗೆ ಕೊಂಡುಹೋದರೂ ಯಾರಾದರೂ ಬಾನೆಟ್ ಎತ್ತಿ ಸರಿ ಮಾಡಿಕೊಡುತ್ತಾರೆ. ಅಫ್ಗಾನ್ ಮೆಕ್ಯಾನಿಕ್‌ಗಳು ಎಂಐ-17ರ ಹೆಚ್ಚಿನ ರಿಪೇರಿ ತಾವೇ ಮಾಡುತ್ತಿದ್ದರು. ಆಮೇಲೆ ಅಮೆರಿಕ, ರಷ್ಯದ ಗಾಡಿ ಬೇಡ ಅಂತ ತನ್ನ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಕೊಟ್ಟಿತು. ಅದು ಹೊಸ ಮಾಡೆಲ್ ಕಾರಿನ ಹಾಗೆ. ಲೈಟ್ ಮಿನುಗಿದರೆ ಮಂಗಳೂರಿನ ಶೋರೂಮಿಂದ ಲ್ಯಾಪ್‌ಟಾಪ್ ಹಿಡಿದ ಜನ ಬರಬೇಕು. ಆ ಲ್ಯಾಪ್‌ಟಾಪಿನ ಜನ ಅಂದರೆ ಗುತ್ತಿಗೆ ಕಂಪನಿಯವರು. ಅಫ್ಗಾನ್ ಪೈಲಟ್‌ಗಳು ಹಾರಿಸಲು ಕಲಿತರು, ಆದರೆ ಅದರ ರಿಪೇರಿ ಕೊನೆವರೆಗೂ ಗುತ್ತಿಗೆಯವರ ಕೈಯಲ್ಲೇ ಉಳಿಯಿತು. ಅಫ್ಗಾನ್ ಪುನರ್‌ನಿರ್ಮಾಣದ ಖರ್ಚು ನೋಡಿಕೊಳ್ಳಲು ಅಮೆರಿಕ ಸಂಸತ್ತೇ ರಚಿಸಿದ್ದ 'ಸಿಗಾರ್' ಎಂಬ ತನಿಖಾ ಸಂಸ್ಥೆ, ಗುತ್ತಿಗೆಯವರು ಹೊರಟರೆ ಈ ವಿಮಾನಗಳು ಕೆಲವೇ ತಿಂಗಳು ಹಾರಬಹುದು ಅಂತ ಮೊದಲೇ ಎಚ್ಚರಿಸಿತ್ತು.

2021ರ ಏಪ್ರಿಲ್ 14ರಂದು ಬೈಡನ್ ಸೇನೆ ವಾಪಸ್ ಅಂತ ಘೋಷಿಸಿದರು. ದೋಹಾ ಒಪ್ಪಂದದಲ್ಲಿ ಗುತ್ತಿಗೆ ಸಿಬ್ಬಂದಿಯೂ ಹೋಗಬೇಕು ಅಂತ ಇತ್ತು. ಸೈನಿಕರ ಜೊತೆಗೆ ಅವರೂ ಹೊರಟರು. ಆಮೇಲೆ ರಿಪೇರಿ ಹೇಗೆ ನಡೆಯಿತು ಗೊತ್ತುಂಟಾ? ವಿಡಿಯೋ ಕಾಲ್‌ನಲ್ಲಿ. ಅಫ್ಗಾನ್ ಮೆಕ್ಯಾನಿಕ್ ಎಂಜಿನ್ ಮುಂದೆ ನಿಂತು ಕ್ಯಾಮರಾ ತೋರಿಸುವುದು, ಪರದೇಶದಲ್ಲಿ ಕೂತ ತಂತ್ರಜ್ಞ ಆ ನಟ್ ತಿರುಗಿಸು ಅನ್ನುವುದು. ಜುಲೈ ಮೊದಲ ವಾರ ಬಗ್ರಾಮ್ ಖಾಲಿಯಾಯಿತು. ಅಮೆರಿಕನ್ನರು ರಾತ್ರಿ ಕರೆಂಟು ಕಡಿದು ಹೊರಟುಹೋದರು, ತನಗೆ ಗೊತ್ತಾದದ್ದು ಗಂಟೆಗಳ ನಂತರ ಅಂತ ನೆಲೆ ವಹಿಸಿಕೊಂಡ ಅಫ್ಗಾನ್ ಕಮಾಂಡರ್ ಹೇಳಿದರು. ಅಷ್ಟರಲ್ಲಿ ಬೆಟ್ಟದ ಮೇಲಿನ ಠಾಣೆಗಳಿಗೆ ಊಟ, ಮದ್ದುಗುಂಡು ತಲುಪಿಸಲು, ಗಾಯಾಳುಗಳನ್ನು ತರಲು ಬೇಕಾದಷ್ಟು ವಿಮಾನ ಹಾರುತ್ತಿರಲಿಲ್ಲ. ವರ್ಷಗಟ್ಟಲೆ ಚೆನ್ನಾಗಿ ಹೋರಾಡಿದ್ದ ಅಫ್ಗಾನ್ ಕಮಾಂಡೋಗಳನ್ನು ಬೆಂಕಿ ಆರಿಸುವವರ ಹಾಗೆ ಒಂದೂರಿಂದ ಇನ್ನೊಂದೂರಿಗೆ ಓಡಿಸಿ ದಣಿಸಿಬಿಟ್ಟಿದ್ದರು.

ಆಗಸ್ಟ್ 26ರಂದು ಕಾಬೂಲ್ ವಿಮಾನ ನಿಲ್ದಾಣದ ಅಬ್ಬೆ ಗೇಟ್‌ನಲ್ಲಿ ಐಎಸ್ ಬಾಂಬ್. 13 ಅಮೆರಿಕನ್ ಸೈನಿಕರು, ಸುಮಾರು 170 ಅಫ್ಗಾನರು ಸತ್ತರು. 29ಕ್ಕೆ ಅಮೆರಿಕ ಇನ್ನೊಬ್ಬ ಬಾಂಬರ್ ಅಂತ ಡ್ರೋನ್‌ನಲ್ಲಿ ಹೊಡೆದದ್ದು ಒಂದು ಕುಟುಂಬಕ್ಕೆ. 10 ನಾಗರಿಕರು ಸತ್ತರು, ಅವರಲ್ಲಿ 7 ಮಕ್ಕಳು. ತಪ್ಪಾಯಿತು ಅಂತ ಸೆಪ್ಟೆಂಬರ್ 17ಕ್ಕೆ ಒಪ್ಪಿಕೊಂಡರು. ಕೊನೆಯ ವಿಮಾನ ಆಗಸ್ಟ್ 30ರ ರಾತ್ರಿ ಹಾರಿತು. 'ಪಾಠ' ಅಲ್ಲಿಗೆ ಮುಗಿಯಿತು. 'ಬೇಟೆ' ಮುಗಿಯಲಿಲ್ಲ. ಅಕ್ಟೋಬರ್ 1ರಿಂದ 'ಎಂಡ್ಯೂರಿಂಗ್ ಸೆಂಟಿನೆಲ್' ಅಂತ ಮತ್ತೊಂದು ಬೋರ್ಡ್ ಹಾಕಿ ದೇಶದ ಹೊರಗಿಂದಲೇ ನಿಗಾ ಇಡುವ ವ್ಯವಸ್ಥೆ ಮಾಡಿದರು.

ಭಾರತ ಇದರಲ್ಲಿ ಎಲ್ಲಿತ್ತು? ನಾವು ಅಲ್ಲಿಗೆ ಕಾದಾಡಲು ಸೇನೆ ಕಳಿಸಲಿಲ್ಲ. ಶ್ರೀಲಂಕಾದಲ್ಲಿ 1987ರಿಂದ 1990ರವರೆಗೆ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಕೊಂಡ ನೆನಪು ದೆಹಲಿಗೆ ಚೆನ್ನಾಗಿಯೇ ಇತ್ತು. ನಮ್ಮ ದಾರಿ ಬೇರೆ: ನಾವು ಹೋಗುವ ಬದಲು ಅವರನ್ನೇ ಇಲ್ಲಿಗೆ ಕರೆದು ಕಲಿಸುವುದು. 2011ರ ಅಕ್ಟೋಬರ್‌ನಲ್ಲಿ ಕಾಬೂಲ್ ಜೊತೆ ಆದ ಒಪ್ಪಂದದಲ್ಲಿ ಇದು ಸೇರಿತ್ತು. ಡೆಹ್ರಾಡೂನ್‌ನ ಸೇನಾ ಅಕಾಡೆಮಿ, ಚೆನ್ನೈಯ ಅಧಿಕಾರಿಗಳ ಅಕಾಡೆಮಿಯಲ್ಲಿ ಅಫ್ಗಾನ್ ಕೆಡೆಟ್‌ಗಳು ಕಲಿತರು, ಮಹಿಳಾ ಅಧಿಕಾರಿಗಳೂ ಬಂದರು. ನಮ್ಮ ರಾಜ್ಯದಲ್ಲೂ ಇಂಥ ಜಾಗ ಉಂಟು, ಬೆಳಗಾವಿ. ಅಲ್ಲಿನ ಕಮಾಂಡೋ ತರಬೇತಿ ಸೇನೆಯಲ್ಲೇ ಹೆಸರುವಾಸಿ. ವಿದೇಶಿ ಪಡೆಗಳಿಗೆಂದೇ ಅಲ್ಲಿ ಒಂದು ತರಬೇತಿ ಕೇಂದ್ರ ಉಂಟು. 2008ರ ಡಿಸೆಂಬರ್‌ನಲ್ಲಿ ಚೀನಾದ ಸೈನಿಕರೇ ಬೆಳಗಾವಿಗೆ ಬಂದು ಭಯೋತ್ಪಾದನೆ ವಿರುದ್ಧದ ಜಂಟಿ ಸಮರಾಭ್ಯಾಸ ಮಾಡಿ ಹೋಗಿದ್ದಾರೆ, ಈಗ ಕೇಳಿದರೆ ನಂಬಲಿಕ್ಕೆ ಕಷ್ಟ! 2022ರಲ್ಲಿ ಜಪಾನಿನವರು ಬಂದಿದ್ದರು.

ಆದರೆ ಇಲ್ಲಿ ಕೂತು ಕಲಿಸಿದರೂ ಅಲ್ಲಿ ಸರಕಾರ ಉಳಿಯದಿದ್ದರೆ ಏನು? ಕಾಬೂಲ್ ಬಿದ್ದ ದಿನ ಡೆಹ್ರಾಡೂನ್‌ನಲ್ಲಿ, ಚೆನ್ನೈಯಲ್ಲಿ ಅಫ್ಗಾನ್ ಕೆಡೆಟ್‌ಗಳು ಪರೇಡ್ ಮಾಡ್ತಾ ಇದ್ದರು. ಅವರು ಸೇರಬೇಕಾದ ಸೇನೆಯೇ ಇಲ್ಲವಾಯಿತು. 2022ರ ಫೆಬ್ರವರಿಯಲ್ಲಿ ಅವರಲ್ಲಿ 80 ಮಂದಿಗೆ ಭಾರತ ಒಂದು ವರ್ಷದ ಇಂಗ್ಲಿಷ್ ಕೋರ್ಸ್ ಕೊಟ್ಟಿತು. ಅಧಿಕಾರಿಯಾಗಲು ಬಂದ ಹುಡುಗ ಇಂಗ್ಲಿಷ್ ಕ್ಲಾಸಿಗೆ ಕೂತ. ಇನ್ನೊಂದು ತಮಾಷೆ ಕೇಳಿ: ತಾಲಿಬಾನ್ ಸರಕಾರದಲ್ಲಿ ಉಪ ವಿದೇಶಾಂಗ ಸಚಿವರಾದ ಶೇರ್ ಮೊಹಮ್ಮದ್ ಅಬ್ಬಾಸ್ ಸ್ತಾನಿಕ್‌ಜೈ, 1980ರ ದಶಕದ ಆರಂಭದಲ್ಲಿ ಅದೇ ಡೆಹ್ರಾಡೂನ್‌ನಲ್ಲಿ ತರಬೇತಿ ಪಡೆದವರು.

ಸರಿ, ಈಗ ಮಾವನ ಕಿವಿ.

ಅಮೆರಿಕದಲ್ಲಿ 'ಡಿಫೆನ್ಸ್ ಬೇಸ್ ಆ್ಯಕ್ಟ್' ಅಂತ ಒಂದು ಕಾನೂನು ಉಂಟು, 1941ರದ್ದು. ಅಮೆರಿಕದ ಸೇನೆಗಾಗಿ ವಿದೇಶದಲ್ಲಿ ಗುತ್ತಿಗೆ ಕೆಲಸ ಮಾಡಿಸುವ ಕಂಪನಿ ತನ್ನ ಕೆಲಸದವರಿಗೆ ವಿಮೆ ಮಾಡಿಸಲೇಬೇಕು. ಒಳಗುತ್ತಿಗೆ ಕಂಪನಿಗೂ ಇದು ಅನ್ವಯ. ಕೆಲಸದವನು ಯಾವ ದೇಶದವನು ಅಂತ ನೋಡುವುದಿಲ್ಲ. ನಮ್ಮೂರಿನವರಿಗೂ ಹಕ್ಕು ಉಂಟು. ಕೆಲವು ಕಡೆ ವಿನಾಯಿತಿ ಕೊಟ್ಟದ್ದಿದೆ, ಹಾಗಾಗಿ ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಕೇಳದೆ ಬಿಡಬೇಡಿ ಅಂತ ಮಾತ್ರ ಹೇಳ್ತೇನೆ.

ಸಾಮಾನ್ಯವಾಗಿ ಗಾಯವಾದ 30 ದಿನದೊಳಗೆ ಕಂಪನಿಗೆ ತಿಳಿಸಬೇಕು, ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮಾವನಿಗೆ ಅದು ಯಾವಾಗಲೋ ದಾಟಿತು ಅಂತ ಅನ್ನಿಸಬಹುದು. ಆದರೆ ಎರಡು ಬಾಗಿಲು ತೆರೆದಿರುವ ಸಾಧ್ಯತೆ ಉಂಟು. ಕಿವಿ ಕೇಳಿಸದ ಪ್ರಕರಣದಲ್ಲಿ ಈ ಗಡುವು ಶುರುವಾಗುವುದು ಶ್ರವಣ ಪರೀಕ್ಷೆಯ ವರದಿ, ಅಂದರೆ ಆಡಿಯೋಗ್ರಾಮ್, ಕೈಗೆ ಬಂದು ಕಿವಿಗೆ ಹಾನಿಯಾಗಿದೆ ಅಂತ ಅದರಲ್ಲಿ ತಿಳಿದ ಮೇಲೆ. ಇನ್ನೊಂದು, ಗಾಯದ ವಿಷಯ ಗೊತ್ತಿದ್ದೂ ಕಂಪನಿ ಸರಕಾರಕ್ಕೆ ವರದಿ ಮಾಡದೇ ಇದ್ದರೆ, ವರದಿ ಮಾಡುವವರೆಗೆ ಅರ್ಜಿಯ ಗಡುವು ಓಡುವುದಿಲ್ಲ. ಅರ್ಜಿಯ ಫಾರ್ಮಿನ ಹೆಸರು ಎಲ್‌ಎಸ್-203. ಕಳಿಸಬೇಕಾದ್ದು ಅಮೆರಿಕದ ಕಾರ್ಮಿಕ ಇಲಾಖೆಗೆ, ದುಬೈ ಆಫೀಸಿಗೆ ಅಲ್ಲ. ಹಣ ಕೊಡಿಸುತ್ತೇನೆ, ಮೊದಲು ಇಷ್ಟು ಕೊಡಿ ಅಂತ ಯಾರಾದರೂ ಏಜೆಂಟ್ ಬಂದರೆ ಹುಷಾರು. ಈ ಕಾನೂನಿನಡಿ ವಕೀಲರ ಫೀಸಿಗೂ ಇಲಾಖೆಯ ಇಲ್ಲವೇ ನ್ಯಾಯಾಧಿಕಾರಿಯ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳುವುದು ಅಪರಾಧ.

ಹಾಗಾಗಿ ತಂಗಿ, ಮೊದಲು ಮಾವನ ಹಳೇ ಸೂಟ್‌ಕೇಸ್ ತೆಗೆಸಿ. ಕ್ಯಾಂಪಿನ ಬ್ಯಾಡ್ಜ್, ಕೆಲಸದ ಕರಾರು, ಸಂಬಳದ ಚೀಟಿ, 'ಲೆಟರ್ ಆಫ್ ಆಥರೈಸೇಶನ್' ಅಂತ ಬರೆದ ಒಂದು ಕಾಗದ ಇರಬಹುದು. ಆ ಕಾಗದದಲ್ಲಿ ಗುತ್ತಿಗೆಯ ನಂಬರ್ ಇರುತ್ತದೆ. ದುಬೈಯ ಸಣ್ಣ ಕಂಪನಿ ಯಾವ ದೊಡ್ಡ ಕಂಪನಿಯ ಕೆಳಗಿತ್ತು ಅಂತ ಹಿಡಿಯಲು ಆ ನಂಬರೇ ದಾರಿ. ಜೊತೆಗಿದ್ದವರ ಫೋನ್ ನಂಬರ್ ಇದ್ದರೆ ಅದನ್ನೂ ಬರೆದಿಡಿ, ರಾಕೆಟ್ ಬಿದ್ದ ದಿನದ ಸಾಕ್ಷಿ ಅವರೇ. ಆಮೇಲೆ ಪುತ್ತೂರಿಗೋ ಮಂಗಳೂರಿಗೋ ಹೋಗಿ ಇಎನ್‌ಟಿ ಡಾಕ್ಟರ ಹತ್ತಿರ ಆಡಿಯೋಗ್ರಾಮ್ ಮಾಡಿಸಿ, ವರದಿಯ ಮೇಲೆ ತಾರೀಕು ಸರಿಯಾಗಿ ಬರೆದಿದೆಯಾ ನೋಡಿಕೊಳ್ಳಿ.

ಅಜ್ಜಿಗೆ ಏನು ಹೇಳುವುದು ಅಂತ ನೀವೇ ತೀರ್ಮಾನ ಮಾಡಿ. ನಿಮ್ಮ ಮನೆಯಲ್ಲೂ ಇಂಥ 'ದುಬೈ'ಯವರು ಇದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗುವ.